‘ಮೇಲ್ ನರ್ಸ್’ ಎಂಬ ಹುದ್ದೆ ಎಲ್ಲಿದೆ?

ಐಸಿಯು ನರ್ಸ್:

ನಾನು ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುವ ನರ್ಸ್. ಗಂಡಸು. ಈ ಎರಡನೆಯ ಮಾತನ್ನು ಹೇಳದೆ ಹೋದರೆ ಓದುವವರ ಕಣ್ಣಮುಂದೆ ಒಬ್ಬ ಹೆಂಗಸು ನಿಲ್ಲುತ್ತಾಳೆ ಎಂದು ಗೊತ್ತಿರುವುದರಿಂದ ಹೇಳಬೇಕಾಗಿದೆ. ನನ್ನ ಪದವಿ ಪತ್ರದಲ್ಲಿ, ನೋಂದಣಿ ಪತ್ರದಲ್ಲಿ, ನೇಮಕಾತಿ ಆದೇಶದಲ್ಲಿ ಎಲ್ಲಿಯೂ ‘ಮೇಲ್ ನರ್ಸ್’ ಎಂಬ ಮಾತಿಲ್ಲ. ಆದರೆ ನಮ್ಮ ಪಾಳಿ ಪಟ್ಟಿಯಲ್ಲಿ ‘ಮೇಲ್ ಸ್ಟಾಫ್’ ಎಂದು ಬೇರೆಯೇ ಒಂದು ಸಾಲು ಇದೆ. ಆ ಸಾಲಿನಲ್ಲಿ ಇರುವವರಿಗೆ ಬರುವ ಕೆಲಸವೂ ಬೇರೆ. ತೂಕದ ರೋಗಿಯನ್ನು ಮಗ್ಗುಲು ಬದಲಿಸಬೇಕೇ, ಮತ್ತಿನಲ್ಲಿ ಕೈಕಾಲು ಬಡಿಯುವವರನ್ನು ಹಿಡಿಯಬೇಕೇ, ರೊಚ್ಚಿಗೆದ್ದ ಸಂಬಂಧಿಕರ ಎದುರು ನಿಲ್ಲಬೇಕೇ, ಆ ಸಾಲಿನಿಂದ ಒಬ್ಬರಿಗೆ ಕರೆ ಬರುತ್ತದೆ. ಹೆರಿಗೆ ವಾರ್ಡ್ ಮತ್ತು ಮಕ್ಕಳ ವಾರ್ಡ್‌ಗೆ ಮಾತ್ರ ಆ ಸಾಲಿನ ಹೆಸರುಗಳು ಹೋಗುವುದೇ ಇಲ್ಲ.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ನನಗಿಂತ ಎಷ್ಟೋ ವರ್ಷ ಹಿರಿಯರಾದ ಮಹಿಳಾ ಸಹೋದ್ಯೋಗಿಯೊಬ್ಬರು ಹಾಸಿಗೆಯ ಪಕ್ಕದಲ್ಲಿ ನಿಂತು ವೆಂಟಿಲೇಟರ್ ಅಲಾರಂ ಏಕೆ ಬರುತ್ತಿದೆ ಎಂದು ವಿವರಿಸುತ್ತಿರುತ್ತಾರೆ. ಮನೆಯವರು ಅವರ ಮಾತನ್ನು ಕೇಳಿಸಿಕೊಂಡು, ನನ್ನ ಕಡೆ ತಿರುಗಿ, ‘ಹೌದೇ ಡಾಕ್ಟರ್?’ ಎನ್ನುತ್ತಾರೆ. ನಾನು ಡಾಕ್ಟರ್ ಅಲ್ಲ, ನರ್ಸ್ ಎಂದ ಕೂಡಲೇ ಅವರ ಮುಖ ಸಪ್ಪಗಾಗುತ್ತದೆ. ‘ಡಾಕ್ಟರ್ ಓದಲು ಆಗಲಿಲ್ಲವೇ?’ ಎಂದು ಕೇಳಿದವರೂ ಇದ್ದಾರೆ. ಆ ಒಂದು ಪ್ರಶ್ನೆಯಲ್ಲಿ ನನಗೂ ಅವಮಾನ, ಆ ಸಹೋದ್ಯೋಗಿಗೂ ಅವಮಾನ, ನಾವಿಬ್ಬರೂ ಬದುಕನ್ನು ಮುಡಿಪಾಗಿಟ್ಟ ಕೆಲಸಕ್ಕೂ ಅವಮಾನ.

ನಾನು ಕೇಳಬೇಕೆಂದಿರುವುದು ಇಷ್ಟೇ. ಹುದ್ದೆಯ ಹೆಸರಿನಿಂದ ಲಿಂಗವನ್ನು ತೆಗೆದರೆ ಇದು ಬದಲಾಗುತ್ತದೆಯೇ? ಬದಲಾಗುತ್ತದೆ ಎಂದು ನಾನು ನಂಬುತ್ತೇನೆ. ನಿಮ್ಮ ಅನುಭವ ಹೇಳಿ.

ಹಿರಿಯ ಸಿಸ್ಟರ್:

ತಮ್ಮ ಎಂದೇ ಕರೆಯುತ್ತೇನೆ, ವಯಸ್ಸಿನಲ್ಲಿ ನೀವು ಚಿಕ್ಕವರಿರಬೇಕು. ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೆ ಈ ಮಾತು ಎದ್ದಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮನ್ನು ತಲೆತಲಾಂತರದಿಂದ ‘ಸಿಸ್ಟರ್’ ಎಂದು ಕರೆದರು. ಸಂಬಳ ಕೇಳಿದಾಗ ‘ನಿಮ್ಮದು ಸೇವೆ’ ಎಂದರು. ರಾತ್ರಿ ಪಾಳಿಯಲ್ಲಿ ಭದ್ರತೆ ಕೇಳಿದಾಗ ‘ಸ್ವಲ್ಪ ಹೊಂದಿಕೊಂಡು ಹೋಗಿ’ ಎಂದರು. ಆಗ ಹೆಸರು ಬದಲಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಗಂಡಸರು ಬರತೊಡಗಿದ ಮೇಲೆ ಹೆಸರಿನಲ್ಲಿ ಗೌರವವಿಲ್ಲ ಎಂಬುದು ಎಲ್ಲರಿಗೂ ಹೊಳೆಯಿತು.

ಮತ್ತೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ ಜಗತ್ತಿನ ನರ್ಸ್‌ಗಳ ಸಂಖ್ಯೆ 2.98 ಕೋಟಿ. ಅವರಲ್ಲಿ ಶೇ 85ರಷ್ಟು ಹೆಂಗಸರು. ಹೀಗಿದ್ದೂ ಮೇಲಿನ ಕುರ್ಚಿಗಳ ಕಡೆ ನೋಡಿದರೆ ಗಂಡಸರು ತಮ್ಮ ಪಾಲಿಗಿಂತ ಹೆಚ್ಚು ಕಾಣುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲಿಯೇ ಇದಕ್ಕೆ ‘ಗಾಜಿನ ಎಸ್ಕಲೇಟರ್’ ಎಂದು ಹೆಸರಿಟ್ಟರು. ನರ್ಸಿಂಗ್, ಪ್ರಾಥಮಿಕ ಶಾಲೆಯ ಬೋಧನೆ, ಗ್ರಂಥಾಲಯ, ಸಮಾಜಕಾರ್ಯ ಈ ನಾಲ್ಕು ವೃತ್ತಿಗಳಲ್ಲಿರುವ ಗಂಡಸರನ್ನು ಅವರು ಅಧ್ಯಯನ ಮಾಡಿದ್ದರು. ಹೆಂಗಸರೇ ಹೆಚ್ಚಿರುವ ಕೆಲಸಕ್ಕೆ ಬಂದ ಗಂಡಸರನ್ನು ವ್ಯವಸ್ಥೆಯೇ ಮೇಲಕ್ಕೆ ತಳ್ಳುತ್ತದೆ, ಬೇಡವೆಂದವರೂ ಅಲ್ಲೇ ಉಳಿಯಲು ಕಷ್ಟಪಡಬೇಕಾಗುತ್ತದೆ ಎಂಬುದು ಅವರ ಮಾತಿನ ಸಾರ. ನಿಮ್ಮನ್ನು ಡಾಕ್ಟರ್ ಎಂದು ಕರೆಯುವುದೂ ಅದೇ ತಳ್ಳುವಿಕೆಯ ಒಂದು ರೂಪ. ನಿಮಗೆ ಅದು ಮುಜುಗರ ತರುತ್ತದೆ, ಸರಿ. ನಮಗೆ ಅದು ನಷ್ಟ ತರುತ್ತದೆ.

ಐಸಿಯು ನರ್ಸ್:

ಅಕ್ಕ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಅದಕ್ಕೇ ಆ ಸಹೋದ್ಯೋಗಿಗೆ ಆದ ಅವಮಾನವನ್ನೂ ಬರೆದೆ. ಒಂದು ಮಾತು ಸೇರಿಸುತ್ತೇನೆ: ಆ ಎಸ್ಕಲೇಟರ್ ಎಲ್ಲ ಗಂಡಸರಿಗೂ ಓಡುವುದಿಲ್ಲ. 2009ರಲ್ಲಿ ಏಡಿಯಾ ಹಾರ್ವಿ ವಿಂಗ್‌ಫೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಕಪ್ಪು ಜನಾಂಗದ ಗಂಡು ನರ್ಸ್‌ಗಳ ಅನುಭವವನ್ನು ಮುಂದಿಟ್ಟು ಇದನ್ನು ತೋರಿಸಿದರು. ಬಿಳಿಯ ನರ್ಸ್‌ನನ್ನು ಡಾಕ್ಟರ್ ಎಂದುಕೊಳ್ಳುವ ಜನ ಕಪ್ಪು ನರ್ಸ್‌ನನ್ನು ಕಸ ಗುಡಿಸುವವನೆಂದುಕೊಳ್ಳುತ್ತಾರೆ. ಯಾರ ಮುಖ ನೋಡಿ ಯಾವ ಹುದ್ದೆ ನೆನಪಾಗುತ್ತದೆ ಎಂಬುದರಲ್ಲಿ ಗಂಡು ಹೆಣ್ಣು ಒಂದೇ ಲೆಕ್ಕವಲ್ಲ.

ಚರಿತ್ರೆಪ್ರಿಯ:

ಗಂಡಸರು ಈಗ ಬರತೊಡಗಿದರು ಎಂಬ ಮಾತನ್ನು ಮಾತ್ರ ಸ್ವಲ್ಪ ತಿದ್ದಬೇಕು. ಅವರು ಬಂದದ್ದಲ್ಲ, ಮರಳಿದ್ದು.

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳಿವೆ ಎಂದು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಇರಬೇಕು. ಸುಶ್ರುತ ಇನ್ನೂ ಬಿಡಿಸಿ ಹೇಳುತ್ತಾನೆ. ಪರಿಚಾರಕ ಸ್ನೇಹಮಯಿ ಆಗಿರಬೇಕು, ಹೇಸಿಕೊಳ್ಳದವನು, ಬಲಶಾಲಿ, ದಣಿಯದವನು ಆಗಿರಬೇಕು. ಹೇಸಿಕೊಳ್ಳದಿರುವುದು ಎಂಬ ಗುಣವನ್ನು ಹೆಸರಿಟ್ಟು ಹೇಳಿದವನು ರೋಗಿಯ ಹಾಸಿಗೆಯನ್ನು ಹತ್ತಿರದಿಂದ ಕಂಡವನೇ ಇರಬೇಕು. ಅಲ್ಲಿ ಬಳಸಿರುವ ಪದವೂ ಪುಲ್ಲಿಂಗ.

ಯೂರೋಪಿನಲ್ಲಿ ಮಧ್ಯಯುಗದ ಸನ್ಯಾಸಿ ಸಂಘಗಳ ಗಂಡಸರು ಕುಷ್ಠರೋಗಿಗಳನ್ನೂ ಪ್ಲೇಗ್ ರೋಗಿಗಳನ್ನೂ ನೋಡಿಕೊಂಡರು. ಅಲೆಕ್ಸಿಯನ್ ಬ್ರದರ್ಸ್ ಸಂಘ ಹುಟ್ಟಿದ್ದೇ ಅಂಥ ಕೆಲಸಕ್ಕೆ. 1550ರಲ್ಲಿ ಹುಟ್ಟಿದ ಇಟಲಿಯ ಕಮಿಲ್ಲಸ್ ಸೈನಿಕನಾಗಿದ್ದವನು. ಕಾಲಿನ ವಾಸಿಯಾಗದ ಹುಣ್ಣಿನಿಂದ ನರಳುತ್ತಲೇ ರೋಗಿಗಳ ಆರೈಕೆಗೆ ಇಳಿದ. ಅವನ ಸಂಗಡಿಗರ ಉಡುಪಿನ ಮೇಲೆ ಕೆಂಪು ಶಿಲುಬೆ ಇತ್ತು, ರೆಡ್‌ಕ್ರಾಸ್ ಸಂಸ್ಥೆ ಹುಟ್ಟುವುದಕ್ಕೆ ಶತಮಾನಗಳ ಮೊದಲು.

ಹಾಗಾದರೆ ಬಾಗಿಲು ಮುಚ್ಚಿದ್ದು ಯಾವಾಗ? ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ತರಬೇತಿ ಶಾಲೆ ಹೆಂಗಸರಿಗಾಗಿಯೇ ಇತ್ತು. ಇದನ್ನು ಅವರ ಮೇಲಿನ ದೂರಾಗಿ ಹೇಳುತ್ತಿಲ್ಲ. ಓದಿದ ಹೆಣ್ಣುಮಕ್ಕಳಿಗೆ ಮರ್ಯಾದೆಯ ದುಡಿಮೆಯ ದಾರಿಗಳೇ ವಿರಳವಾಗಿದ್ದ ಕಾಲದಲ್ಲಿ ಅವರು ಒಂದು ವೃತ್ತಿಯನ್ನೇ ಕಟ್ಟಿಕೊಟ್ಟರು. ಆದರೆ ಆ ಮಾದರಿ ಹಬ್ಬಿದಂತೆ ಕಾನೂನುಗಳೂ ಅದನ್ನೇ ಅನುಸರಿಸಿದವು. ಬ್ರಿಟನ್ನಿನ 1919ರ ನರ್ಸ್ ನೋಂದಣಿ ಕಾಯ್ದೆ ಗಂಡಸರನ್ನು ಮುಖ್ಯ ಪಟ್ಟಿಗೆ ಸೇರಿಸದೆ ಪ್ರತ್ಯೇಕ ಪಟ್ಟಿಯಲ್ಲಿಟ್ಟಿತು. ಆ ಬೇರ್ಪಡಿಕೆಯನ್ನು ತೆಗೆದದ್ದು 1949ರ ಕಾಯ್ದೆ. ಅಲ್ಲಿನ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಗಂಡಸರಿಗೆ ಸದಸ್ಯತ್ವ ಕೊಟ್ಟದ್ದು 1960ರಲ್ಲಿ. ಅಮೆರಿಕದ ಸೇನೆಯ ನರ್ಸ್ ದಳ 1901ರಲ್ಲಿ ಹುಟ್ಟಿತು, ಮೊದಲ ಗಂಡು ಅಧಿಕಾರಿ ಎಡ್ವರ್ಡ್ ಲಯನ್ ಅದಕ್ಕೆ ಸೇರಿದ್ದು 1955ರಲ್ಲಿ. ಅಂದರೆ ಎರಡು ಮಹಾಯುದ್ಧಗಳಲ್ಲಿ ನರ್ಸಿಂಗ್ ಕಲಿತ ಗಂಡಸರಿಗೆ ಗಾಯಾಳುಗಳ ನಡುವೆ ಆ ದಳದಲ್ಲಿ ಜಾಗವಿರಲಿಲ್ಲ.

ಕೊನೆಗೆ ಜೋ ಹೋಗನ್ ಪ್ರಕರಣ. ಮಿಸಿಸಿಪ್ಪಿಯ ಮಹಿಳಾ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆ ಅವರಿಗೆ ಪ್ರವೇಶ ನಿರಾಕರಿಸಿತು. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಹೋಗನ್ ಪರ ತೀರ್ಪು ಕೊಟ್ಟಿತು. ತೀರ್ಪು ಬರೆದವರು ಆ ನ್ಯಾಯಾಲಯದ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓ’ಕಾನರ್. ಗಂಡಸರನ್ನು ಹೊರಗಿಡುವುದರಿಂದ ನರ್ಸಿಂಗ್ ಹೆಂಗಸರದ್ದೇ ಕೆಲಸ ಎಂಬ ಪಡಿಯಚ್ಚು ಗಟ್ಟಿಯಾಗುತ್ತದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಹಿರಿಯ ಸಿಸ್ಟರ್ ಅವರು ಹೇಳಿದ ಸಂಬಳದ ಮಾತೂ ಆ ತೀರ್ಪಿನ ಅಡಿಟಿಪ್ಪಣಿಯಲ್ಲಿದೆ: ಗಂಡಸರನ್ನು ಹೊರಗಿಟ್ಟದ್ದು ನರ್ಸ್‌ಗಳ ವೇತನವನ್ನು ಕೆಳಗಿಟ್ಟಿರಬಹುದು ಎಂಬ ಅಭಿಪ್ರಾಯವನ್ನು ಅವರು ಅಲ್ಲಿ ದಾಖಲಿಸಿದ್ದಾರೆ.

ಪದಸಂಚಾರಿ:

ಹೆಸರು ಬದಲಿಸಿದ ದೇಶಗಳಿವೆ. ಜಪಾನಿನಲ್ಲಿ ಹೆಂಗಸರಿಗೊಂದು, ಗಂಡಸರಿಗೊಂದು ಪದವಿತ್ತು. 2002ರಿಂದ ಕಾನೂನಿನಲ್ಲಿ ಇಬ್ಬರಿಗೂ ಒಂದೇ ಪದ. ಜರ್ಮನಿಯಲ್ಲಿ ‘ರೋಗಿಗಳ ಸೋದರಿ’ ಎಂಬ ಅರ್ಥದ ಹಳೆಯ ಹೆಸರು ಅಧಿಕೃತವಾಗಿ ಹೋಗಿ, 2020ರಿಂದ ‘ಆರೈಕೆ ತಜ್ಞೆ’, ‘ಆರೈಕೆ ತಜ್ಞ’ ಎಂಬ ಅರ್ಥದ ಜೋಡಿ ಹೆಸರು ಬಂದಿದೆ. ಸ್ವೀಡನ್ ಇನ್ನೊಂದು ದಾರಿ ಹಿಡಿಯಿತು: ಸ್ತ್ರೀಲಿಂಗದ ಹಳೆಯ ಪದವನ್ನೇ ಉಳಿಸಿಕೊಂಡು ಗಂಡಸರನ್ನೂ ಅದರಿಂದಲೇ ಕರೆಯುತ್ತದೆ. ಭಾರತದ ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ ‘ಸ್ಟಾಫ್ ನರ್ಸ್’ ಈಗ ‘ನರ್ಸಿಂಗ್ ಆಫೀಸರ್’. ‘ನರ್ಸಿಂಗ್ ಸಿಸ್ಟರ್’ ಈಗ ‘ಸೀನಿಯರ್ ನರ್ಸಿಂಗ್ ಆಫೀಸರ್’.

ಆದರೆ ನನ್ನ ಆಸಕ್ತಿ ಇರುವುದು ಕನ್ನಡದಲ್ಲಿ. ‘ದಾದಿ’ ಹೆಣ್ಣಿಗೆ ಮಾತ್ರ ಹೊಂದುವ ಪದ. ‘ಶುಶ್ರೂಷಕಿ’ಗೆ ‘ಶುಶ್ರೂಷಕ’ ಎಂಬ ಜೊತೆ ಇದೆ. ‘ಶುಶ್ರೂಷಾಧಿಕಾರಿ’ ಇಬ್ಬರಿಗೂ ಸಲ್ಲುತ್ತದೆ. ‘ನರ್ಸ್’ ಎಂಬ ಪದದಲ್ಲಿಯೂ ಯಾವ ಲಿಂಗವೂ ಇಲ್ಲ. ಪದ ಎಷ್ಟೇ ಶುದ್ಧವಾಗಿದ್ದರೂ ವಾಕ್ಯ ಮುಗಿಯುವಾಗ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ. ಕಥೆಗಳಲ್ಲಿ, ವರದಿಗಳಲ್ಲಿ ಗಮನಿಸಿ: ‘ಡಾಕ್ಟರ್ ಬಂದರು, ನರ್ಸ್ ಬಂದಳು.’ ‘ವೈದ್ಯರು ಹೇಳಿದರು, ನರ್ಸ್ ಓಡಿದಳು.’ ಅದೇ ಕೋಣೆ, ಅದೇ ರೋಗಿ. ಒಬ್ಬರಿಗೆ ಬಹುವಚನ, ಇನ್ನೊಬ್ಬರಿಗೆ ಏಕವಚನ. ‘ಬಂದರು’ ಎಂದಾಗ ಕನ್ನಡದಲ್ಲಿ ಗಂಡು ಹೆಣ್ಣಿನ ಗುರುತು ತಾನಾಗಿಯೇ ಅಳಿಯುತ್ತದೆ. ಗೌರವ ಕೊಟ್ಟ ಕ್ಷಣದಲ್ಲಿ ಲಿಂಗ ಮಾಯವಾಗುವ ಈ ಸೌಲಭ್ಯ ನಮ್ಮ ವ್ಯಾಕರಣದಲ್ಲಿಯೇ ಇದೆ. ಹೊಸ ಪದ ಹುಡುಕುವ ಶ್ರಮವೇ ಬೇಡ, ‘ನರ್ಸ್ ಬಂದರು’ ಎಂದು ಬರೆದರೆ ಸಾಕು. ನಾನು ಕರಡು ತಿದ್ದುವ ಕೆಲಸ ಮಾಡುವವನು. ನನ್ನ ಮುಂದೆ ಬಂದ ಪ್ರತಿಯೊಂದು ‘ನರ್ಸ್ ಹೇಳಿದಳು’ವನ್ನೂ ‘ಹೇಳಿದರು’ ಎಂದು ತಿದ್ದುತ್ತೇನೆ, ಯಾರು ಕೇಳಿದರೂ ಕಾರಣ ಹೇಳುತ್ತೇನೆ.

ಹಿರಿಯ ಸಿಸ್ಟರ್:

ಪದಸಂಚಾರಿ ಅವರೇ, ‘ನರ್ಸ್ ಬಂದಳು’ ಎಂಬುದನ್ನು ಜೀವನವಿಡೀ ಓದಿದ್ದೇನೆ. ನೀವು ತಿದ್ದುತ್ತಿದ್ದೀರಿ ಎಂದು ಕೇಳಿ ಸಂತೋಷವಾಯಿತು. ಇಂಥ ಬದಲಾವಣೆಗೆ ನನ್ನ ಪೂರ್ಣ ಒಪ್ಪಿಗೆ ಇದೆ, ಏಕೆಂದರೆ ಇದರಿಂದ ಗೌರವ ಸಿಗುವುದು ಎಲ್ಲರಿಗೂ.

ಮನೋವಾರ್ಡ್:

ನಾನೂ ಗಂಡಸು, ಮನೋರೋಗ ವಿಭಾಗದಲ್ಲಿದ್ದೇನೆ. ಇಲ್ಲಿ ಗಂಡು ನರ್ಸ್‌ಗಳನ್ನು ಹಾಕುವುದಕ್ಕೆ ಕೊಡುವ ಕಾರಣ ಶಕ್ತಿ. ಈ ಕಾರಣವೇ ತಪ್ಪು ಎಂದು ಒತ್ತಿ ಹೇಳಬೇಕಾಗಿದೆ. ಉದ್ರೇಕಗೊಂಡ ರೋಗಿಯನ್ನು ಶಾಂತಗೊಳಿಸುವುದು ಒಂದು ಕಲಿತ ಕೌಶಲ. ದನಿ ತಗ್ಗಿಸಬೇಕು, ಕೈಗಳು ರೋಗಿಗೆ ಕಾಣುವಂತಿರಬೇಕು, ನೇರ ಎದುರಿಗೆ ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲಬೇಕು, ಅವರಿಗೂ ನಮಗೂ ಬಾಗಿಲಿಗೆ ಹೋಗುವ ದಾರಿ ತೆರೆದಿರಬೇಕು, ಮಾತನಾಡುವವರು ಒಬ್ಬರೇ ಆಗಿರಬೇಕು. ನಮ್ಮಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುವವರು ಬಹಳ ಸಣ್ಣ ಮೈಕಟ್ಟಿನ ಮಹಿಳಾ ಸಹೋದ್ಯೋಗಿ. ನಾಲ್ಕು ಜನ ಗಂಡಸರು ಒಟ್ಟಿಗೆ ಒಳಗೆ ನುಗ್ಗಿದರೆ ಭಯದಲ್ಲಿರುವ ರೋಗಿ ಇನ್ನಷ್ಟು ಹೆದರುತ್ತಾನೆ, ಹೊಡೆತ ಬೀಳುವುದು ಆಗಲೇ.

ರೋಗಿಯನ್ನು ಎತ್ತುವ ವಿಷಯವೂ ಹಾಗೆಯೇ. ಒಬ್ಬ ಗಂಡಸಿನ ಬೆನ್ನನ್ನು ನಂಬಿ ಆಸ್ಪತ್ರೆ ನಡೆಸಬಾರದು. ರೋಗಿಯನ್ನು ಸರಿಸಲು ಮೈಕೆಳಗೆ ಹಾಸುವ ಜಾರುಹಾಳೆ, ಎತ್ತುವ ಯಂತ್ರ, ಸಾಕಷ್ಟು ಸಿಬ್ಬಂದಿ ಇರಬೇಕು. ‘ಗಂಡಸರಿದ್ದಾರಲ್ಲ’ ಎಂಬ ಮಾತಿನಿಂದ ಯಂತ್ರ ಕೊಳ್ಳುವ ಖರ್ಚು ಉಳಿಯುತ್ತದೆ, ನಮ್ಮ ಸೊಂಟ ಹೋಗುತ್ತದೆ.

ಇನ್ನು ಭಾರತದ ಏಮ್ಸ್ ಸಂಸ್ಥೆಗಳಲ್ಲಿ 2019ರಲ್ಲಿ ನರ್ಸಿಂಗ್ ಆಫೀಸರ್ ನೇಮಕಾತಿಗೆ ಹೆಂಗಸರಿಗೆ ಶೇ 80, ಗಂಡಸರಿಗೆ ಶೇ 20 ಎಂಬ ಮಿತಿ ತಂದರಲ್ಲ, ಹುದ್ದೆಯ ಹೆಸರು ಲಿಂಗರಹಿತವಾದ ಮೇಲೂ ಬಾಗಿಲು ಹೀಗೆಯೇ ಇರಬಹುದು ಎಂಬುದಕ್ಕೆ ಅದು ಸಾಕ್ಷಿ. ನಾನು ಅದನ್ನು ವಿರೋಧಿಸುತ್ತೇನೆ.

ಒಬ್ಬ ತಾಯಿ:

ನಾನು ನರ್ಸ್ ಅಲ್ಲ, ರೋಗಿಯಾಗಿದ್ದವಳು. ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು. ಹೆರಿಗೆಯ ಹೊತ್ತಿನಲ್ಲಿ ನನ್ನ ಹತ್ತಿರ ಹೆಂಗಸೇ ಇರಬೇಕು ಎಂದು ನಾನು ಬಯಸಿದ್ದೆ. ಮತ್ತೆ ಆ ಸಂದರ್ಭ ಬಂದರೂ ಹಾಗೆಯೇ ಕೇಳುತ್ತೇನೆ. ಅದು ಯಾರ ಸಾಮರ್ಥ್ಯದ ಮೇಲಿನ ಅನುಮಾನವೂ ಅಲ್ಲ. ನನ್ನ ದೇಹ, ನನ್ನ ಭಯ, ನನ್ನ ನಿರ್ಧಾರ. ಕೆಲವು ಹೆಂಗಸರಿಗೆ ಹಿಂದೆ ಅನುಭವಿಸಿದ ಹಿಂಸೆಯ ಕಾರಣದಿಂದ ಗಂಡಸಿನ ಕೈ ತಾಕಿದರೇ ಮೈ ಸೆಟೆದುಕೊಳ್ಳುತ್ತದೆ. ಅವರು ಕಾರಣ ವಿವರಿಸಬೇಕಾದ ಪರಿಸ್ಥಿತಿ ಬರಬಾರದು. ಲಿಂಗರಹಿತ ಹೆಸರು ಬರಲಿ, ಆದರೆ ‘ಈಗ ಎಲ್ಲರೂ ಒಂದೇ’ ಎಂದು ಹೇಳಿ ಈ ಆಯ್ಕೆಯನ್ನು ನಮ್ಮಿಂದ ಕಸಿಯಬಾರದು.

ಇದರ ಇನ್ನೊಂದು ಬದಿಯನ್ನೂ ನೋಡಿದ್ದೇನೆ. ನನ್ನ ತಂದೆ ಕೊನೆಯ ದಿನಗಳಲ್ಲಿ ಹೆಂಗಸರು ಮೈ ಒರೆಸಲು ಬಂದರೆ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಅವರ ನಾಚಿಕೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಂಡಸು ನರ್ಸ್ ಒಬ್ಬರು ಪಾಳಿಗೆ ಬಂದ ಮೇಲೆ ತಂದೆ ತಾವಾಗಿಯೇ ಕೈ ಸಡಿಲಿಸಿದರು. ಆಯ್ಕೆ ಇಬ್ಬರಿಗೂ ಬೇಕು.

ಐಸಿಯು ನರ್ಸ್:

ನಿಮ್ಮ ಮಾತು ನನಗೆ ಪೂರ್ತಿ ಹಿಡಿಸಿತು, ಅಮ್ಮ. ರೋಗಿಯೊಬ್ಬರು ‘ಬೇಡ’ ಎಂದರೆ ನಾನು ಹಿಂದೆ ಸರಿಯುತ್ತೇನೆ, ಅದರಲ್ಲಿ ಅವಮಾನವಿಲ್ಲ. ಆದರೆ ಯಾವ ರೋಗಿಯೂ ಬೇಡ ಎನ್ನದಿರುವಾಗಲೇ ವಾರ್ಡಿನ ಬಾಗಿಲಿನಲ್ಲಿ ನನ್ನನ್ನು ತಡೆದರೆ ಅದು ಆಡಳಿತ ಹಾಕಿದ ನಿಷೇಧ. ಬ್ರಿಟನ್ನಿನಲ್ಲಿ ಗಂಡಸರು ಸೂಲಗಿತ್ತಿಯ ವೃತ್ತಿಯಲ್ಲಿ ಕೆಲಸ ಮಾಡಲು ಇದ್ದ ನಿರ್ಬಂಧ 1983ರಲ್ಲಿ ತೆರವಾಯಿತು. ಅಲ್ಲಿಯೂ ಹೆರಿಗೆಗೆ ಬರುವ ಹೆಂಗಸಿನ ಒಪ್ಪಿಗೆಯೇ ಮುಂದೆ ಇರುತ್ತದೆ. ಎರಡೂ ಒಟ್ಟಿಗೆ ಬಾಳಬಲ್ಲವು. ಪ್ರಸೂತಿ ತಜ್ಞರಲ್ಲಿ ಗಂಡಸರಿರುವುದನ್ನು ಯಾರೂ ಪ್ರಶ್ನಿಸುವುದಿಲ್ಲ ಎಂಬುದನ್ನೂ ಗಮನಿಸಿ. ಡಾಕ್ಟರ್ ಎಂಬ ಹೆಸರಿದ್ದರೆ ಅದೇ ಕೋಣೆಗೆ ಗಂಡಸು ಹೋಗಬಹುದು, ನರ್ಸ್ ಎಂಬ ಹೆಸರಿದ್ದರೆ ಹೋಗಬಾರದು.

ಎರಡನೇ ವರ್ಷ:

ನಾನು ನರ್ಸಿಂಗ್ ವಿದ್ಯಾರ್ಥಿ. ನಮ್ಮ ತರಗತಿಯಲ್ಲಿ ಹುಡುಗರು ಕೆಲವರೇ. ಹೆರಿಗೆ ವಾರ್ಡಿನ ಪಾಳಿ ಮುಂದೆ ಬರಲಿದೆ, ಈಗಲೇ ಎದೆ ಢವಗುಟ್ಟುತ್ತಿದೆ. ಹಿಂದಿನ ತಂಡದ ಹುಡುಗರನ್ನು ದಾಖಲೆ ಪುಸ್ತಕ ಬರೆಯಲು ಹೊರಗೆ ಕೂರಿಸಿದ್ದರಂತೆ. ಅದಕ್ಕಿಂತ ಮೊದಲು ಇನ್ನೊಂದು ಭಯ: ಮಹಿಳಾ ರೋಗಿಗೆ ಇಸಿಜಿ ಮಾಡಲು, ಮೂತ್ರ ಹೊರಬರಲು ಕ್ಯಾತಿಟರ್ ಎಂಬ ಕೊಳವೆ ಹಾಕಲು ಹೇಳಿದರೆ ಹೇಗೆ ನಡೆದುಕೊಳ್ಳಬೇಕು? ತಪ್ಪಾಗಿ ತಿಳಿದುಕೊಂಡರೆ ಎಂಬ ಹೆದರಿಕೆಯಲ್ಲಿ ಕೈ ನಡುಗುತ್ತದೆ. ಹಿರಿಯ ಸಿಸ್ಟರ್ ಅವರೇ, ದಯವಿಟ್ಟು ಹೇಳಿ.

ಹಿರಿಯ ಸಿಸ್ಟರ್:

ಮಗು, ಈ ಭಯ ಇರುವುದು ಒಳ್ಳೆಯದೇ, ಅದು ರೋಗಿಯ ಬಗ್ಗೆ ಇರುವ ಎಚ್ಚರ. ಅದನ್ನು ಪದ್ಧತಿಯನ್ನಾಗಿ ಮಾಡಿಕೊ.

ಮೊದಲು ನಿನ್ನ ಹೆಸರು ಹೇಳು, ವಿದ್ಯಾರ್ಥಿ ಎಂದು ಹೇಳು. ಏನು ಮಾಡಲಿದ್ದೀಯ, ಏಕೆ, ದೇಹದ ಯಾವ ಭಾಗವನ್ನು ತಾಕಬೇಕಾಗುತ್ತದೆ ಎಂಬುದನ್ನು ಪರದೆ ಎಳೆಯುವ ಮೊದಲೇ ಹೇಳಬೇಕು, ಎಳೆದ ಮೇಲಲ್ಲ. ‘ಮಹಿಳಾ ನರ್ಸ್ ಬೇಕೇ?’ ಎಂದು ನೀನೇ ಕೇಳು, ರೋಗಿ ಕೇಳುವ ತನಕ ಕಾಯಬೇಡ. ಒಪ್ಪಿದರೂ ಜೊತೆಗೆ ಮಹಿಳಾ ಸಿಬ್ಬಂದಿ ಒಬ್ಬರು ಇರಲಿ. ಇದು ರೋಗಿಗೂ ರಕ್ಷಣೆ, ನಿನಗೂ ರಕ್ಷಣೆ. ಯಾರು ಜೊತೆಗಿದ್ದರು ಎಂಬುದನ್ನು ನರ್ಸ್ ಟಿಪ್ಪಣಿಯಲ್ಲಿ ಸಮಯದೊಂದಿಗೆ ಬರೆ.

ಇಸಿಜಿಯಲ್ಲಿ ಎದೆಗೆ ಅಂಟಿಸುವ ಆರು ಲೀಡ್‌ಗಳ (ವಿ1ರಿಂದ ವಿ6) ಜಾಗ ತಪ್ಪಬಾರದು. ವಿ1, ವಿ2 ನಾಲ್ಕನೆಯ ಪಕ್ಕೆಲುಬಿನ ಸಂದಿನಲ್ಲಿ, ಎದೆಮೂಳೆಯ ಬಲಕ್ಕೂ ಎಡಕ್ಕೂ. ವಿ4 ಐದನೆಯ ಸಂದಿನಲ್ಲಿ, ಎಡ ಕೊರಳೆಲುಬಿನ ನಡುವಿನಿಂದ ಕೆಳಗೆ ಎಳೆದ ಗೆರೆಯ ಮೇಲೆ. ಸಂಕೋಚಪಟ್ಟು ಲೀಡ್‌ಗಳನ್ನು ಮೇಲೆ ಅಂಟಿಸಿದರೆ ಚಿತ್ರ ಬದಲಾಗುತ್ತದೆ, ಹೃದಯಾಘಾತವನ್ನೇ ತಪ್ಪಾಗಿ ಓದುವ ಅಪಾಯವಿದೆ. ಸ್ತನವನ್ನು ಸರಿಸಬೇಕಾದರೆ ರೋಗಿಯನ್ನೇ ಸರಿಸಿಕೊಳ್ಳಲು ಕೇಳು. ಅವರಿಂದಾಗದಿದ್ದರೆ ಹೇಳಿ, ಒಪ್ಪಿಗೆ ಪಡೆದು, ಅಂಗೈ ಬದಲು ಕೈಯ ಹಿಂಬದಿಯನ್ನು ಬಳಸು. ಲೀಡ್ ಅಂಟಿಸಿದ ಕೂಡಲೇ ಹೊದಿಕೆ ಹೊದಿಸು. ಕ್ಯಾತಿಟರ್‌ಗೂ ಇದೇ ಕ್ರಮ: ಬೇಕಾದಷ್ಟೇ ಭಾಗ ತೆರೆಯಬೇಕು, ಬೇಕಾದಷ್ಟೇ ಹೊತ್ತು. ಅನಗತ್ಯ ಮಾತು ಬೇಡ, ಮುಂದಿನ ಹೆಜ್ಜೆ ಏನೆಂದು ಹೇಳುತ್ತಾ ಹೋಗು.

ಒಂದು ವಿಷಯ ಎಲ್ಲರೂ ಕೇಳಿಸಿಕೊಳ್ಳಲಿ. ಇಷ್ಟು ವರ್ಷ ನಾವು ಹೆಂಗಸರು ಗಂಡಸು ರೋಗಿಗಳಿಗೆ ಕ್ಯಾತಿಟರ್ ಹಾಕುತ್ತಾ ಬಂದಿದ್ದೇವೆ. ಅವರನ್ನು ಯಾರೂ ಹೀಗೆ ಕೇಳಲಿಲ್ಲ, ನಮ್ಮನ್ನೂ ಯಾರೂ ಕೇಳಲಿಲ್ಲ. ಈ ಹುಡುಗನಿಗೆ ಹೇಳಿದ ಕ್ರಮ ಹೆಣ್ಣುಮಕ್ಕಳಿಗೂ ಅನ್ವಯಿಸಬೇಕು.

ಹೆರಿಗೆ ವಾರ್ಡಿನ ಬಗ್ಗೆ: ಹೊರಗೆ ಕೂರಿಸಿದರೆ ವಿನಯದಿಂದ ಬೋಧಕರಿಗೆ ಲಿಖಿತವಾಗಿ ತಿಳಿಸು. ಪಠ್ಯಕ್ರಮದಲ್ಲಿರುವ ಕಲಿಕೆ ನಿನ್ನ ಹಕ್ಕು. ನಾಳೆ ತುರ್ತು ವಿಭಾಗಕ್ಕೆ ಹೆರಿಗೆ ನೋವಿನ ಹೆಂಗಸು ಬಂದಾಗ ಪಾಳಿಯಲ್ಲಿ ನೀನೊಬ್ಬನೇ ಇರಬಹುದು.

ಎರಡನೇ ವರ್ಷ:

ತುಂಬಾ ಧನ್ಯವಾದಗಳು, ಮೇಡಂ. ಬರೆದಿಟ್ಟುಕೊಂಡೆ. ನಮ್ಮ ತರಗತಿಯ ಹುಡುಗಿಯರಿಗೂ ಓದಿ ಹೇಳಿದೆ.

ಐಸಿಯು ನರ್ಸ್:

ನಮ್ಮ ಪಾಳಿ ಪಟ್ಟಿಯ ಬಗ್ಗೆ ಆಡಳಿತಕ್ಕೆ ಮನವಿ ಕೊಡಲು ಕೆಲವರು ಸೇರಿ ನಿರ್ಧರಿಸಿದ್ದೇವೆ. ಸಹಿ ಹಾಕುವವರಲ್ಲಿ ಮಹಿಳೆಯರೇ ಹೆಚ್ಚು. ಕರಡು ಹೀಗಿದೆ, ತಿದ್ದಿ ಕೊಡಿ:

‘ಪಾಳಿ ಪಟ್ಟಿಯಲ್ಲಿ ಮೇಲ್ ಸ್ಟಾಫ್ ಎಂಬ ಪ್ರತ್ಯೇಕ ಸಾಲನ್ನು ತೆಗೆದು ಎಲ್ಲ ನರ್ಸ್‌ಗಳ ಹೆಸರುಗಳನ್ನು ಸೇವಾ ಹಿರಿತನ ಮತ್ತು ತರಬೇತಿಯ ಆಧಾರದ ಮೇಲೆ ಒಂದೇ ಪಟ್ಟಿಯಲ್ಲಿ ನಮೂದಿಸಬೇಕು. ಗುರುತಿನ ಚೀಟಿಯಲ್ಲಿ ಹುದ್ದೆಯ ಹೆಸರನ್ನು ದೂರದಿಂದಲೂ ಕಾಣುವಂತೆ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು. ಯಾವ ವಾರ್ಡ್‌ಗೂ ಲಿಂಗದ ಕಾರಣದಿಂದ ನಿಯೋಜನೆಯನ್ನು ನಿರಾಕರಿಸಬಾರದು. ಆತ್ಮೀಯ ಆರೈಕೆಯ ಸಂದರ್ಭದಲ್ಲಿ ರೋಗಿಯ ಆಯ್ಕೆಯನ್ನು ಕೇಳಿ ಗೌರವಿಸಬೇಕು.’

ಪದಸಂಚಾರಿ:

‘ಆತ್ಮೀಯ ಆರೈಕೆ’ ಎಂದರೆ ಪ್ರೀತಿಯ ಆರೈಕೆ ಎಂದು ಓದುತ್ತಾರೆ. ‘ರೋಗಿಯ ಖಾಸಗಿ ಅಂಗಗಳಿಗೆ ಸಂಬಂಧಿಸಿದ ಆರೈಕೆ’ ಎಂದು ನೇರವಾಗಿಯೇ ಬರೆಯಿರಿ. ಉಳಿದದ್ದು ಸರಿಯಾಗಿದೆ.

ಹಿರಿಯ ಸಿಸ್ಟರ್:

ಇನ್ನೂ ಎರಡು ವಾಕ್ಯ ಸೇರಿಸಿ, ತಮ್ಮ. ‘ರೋಗಿಗಳನ್ನು ಎತ್ತಲು ಪ್ರತಿ ವಾರ್ಡ್‌ಗೂ ಯಂತ್ರ ಮತ್ತು ಜಾರುಹಾಳೆ ಒದಗಿಸಬೇಕು. ರಾತ್ರಿ ಪಾಳಿಗೆ ಭದ್ರತಾ ಸಿಬ್ಬಂದಿಯನ್ನು ಪ್ರತ್ಯೇಕವಾಗಿ ನೇಮಿಸಬೇಕು, ಆ ಕೆಲಸವನ್ನು ನರ್ಸ್‌ಗಳಿಗೆ ವಹಿಸಬಾರದು.’ ಇವು ಇಲ್ಲದೆ ಆ ಸಾಲನ್ನು ತೆಗೆದರೆ ನಾಳೆ ಗಲಾಟೆ ಆದಾಗ ಅದೇ ಸಾಲು ಪೆನ್ಸಿಲಿನಲ್ಲಿ ಮತ್ತೆ ಬರುತ್ತದೆ. ಸೇರಿಸಿದ ಮೇಲೆ ಕಳುಹಿಸಿ, ನಮ್ಮ ಆಸ್ಪತ್ರೆಯಲ್ಲಿಯೂ ಇದನ್ನೇ ಇಟ್ಟುಕೊಂಡು ಸಹಿ ಮಾಡಿಸುತ್ತೇನೆ.